ಒನ್ಸ್ ಮೋರ್

ಹೊಸಪೇಟೆಯ ಆಸ್ಪತ್ರೆಯೊಂದರ ಎಕ್ಸ್‌ರೇ ಸಾಲಿನಲ್ಲಿ ನನ್ನ ಮುಂದೆ ಕಂಪ್ಲಿಯ ಟಾಕೀಸಿನ ಆಪರೇಟರ್ ಗುಡ್ಡಪ್ಪ, ಅವನ ಅಕ್ಕ ಎಲ್ಲಮ್ಮ. ಅವನ ತುಟಿ ಒಡೆದಿತ್ತು, ಬಲಗೈ ಬಾತಿತ್ತು.

“ಜನ ಒನ್ಸ್ ಮೋರ್ ಅಂತ ಕೂಗಿದ್ರ ಆ ಹಾಡು ಇನ್ನೊಮ್ಮೆ ಹಾಕಬೇಕಿತ್ತಲ್ಲೋ ತಮ್ಮ?”

“ಮುಂದಿನ ಶೋ ತಡ ಆಗ್ತೈತಿ, ಹಾಕಬ್ಯಾಡ ಅಂತ ಟಾಕೀಸ್ ಸಾವ್ಕಾರ್ರೇ ಹೇಳಿದ್ರಕ್ಕ.”

“ಕ್ಯಾಬಿನ್ ಒಳಗ ಚಿಲಕ ಹಾಕ್ಕೊಂಡು ಕುಂದ್ರಬಾರ್ದಾ?”

“ಕುಂತಿದ್ದೆ. ಜನ ಬಾಗಿಲು ಒದಿಯಾಕತ್ತಿದ್ರು. ಮಷಿನ್ ಒಡದಾರು ಅಂತ ಸಾವ್ಕಾರ್ರು ನನ್ನ ಹೊರಗ ದಬ್ಬಿದ್ರು. ‘ಹಾಕಲ್ಲ ಅಂದಾವ ಇವನೇ’ ಅಂತ ತೋರ್ಸಿ, ತಾವು ಒಳಗ ಚಿಲಕ ಹಾಕ್ಕೊಂಡ್ರು.”

“ಅವರ ಕೈ ಸೇದಿಹೋಗ! ಯಾರೂ ಬಿಡಿಸ್ಲಿಲ್ಲಾ?”

“ಯಾರು ಬಿಡಿಸ್ತಾರಕ್ಕ? ಕುರ್ಚಿ ಹಿಡಿಕಿ ಕಿತ್ಕೊಂಡು ಬಡದ್ರು. ಕೈ ಲಟಕ್ಕಂತು. ಆಮ್ಯಾಲ ಎಲ್ರೂ ಬಿಟ್ಟು ಓಡಿದ್ರು.”

“ಪೊಲೀಸ್ರು ಬಂದ್ರಾ?”

“ಇಲ್ಲಕ್ಕ. ಸಾವ್ಕಾರ್ರೇ ಆ ಹಾಡು ಇನ್ನೊಮ್ಮೆ ಹಾಕಿದ್ರು.”

ಒಳಗಿನಿಂದ ಗುಡ್ಡಪ್ಪನ ಹೆಸರು ಕೂಗಿದರು. ಎಲ್ಲಮ್ಮ ಅವನ ಎಡಗೈ ಹಿಡಿದು ಎಬ್ಬಿಸಿದಳು.