ಚೀಟಿ ಕೇಳದೆ ತಕೊಂಡ ಬೆಳ್ಳಿ

ಅಲ್ಲ ಸೌಮ್ಯಾ, ಬೆಳ್ಳಿ ತಕಳ್ಳೂದೇ ಬೇಡ ಅಂತ ನಾ ಹೇಳಲಿಲ್ಲ, ತಕೋ, ಆದ್ರೆ ಕುಮಟೆ ಅಂಗಡಿಯಲ್ಲಿ ಸಿಕ್ಕಿದ ಮೊದಲನೇ ಸಂಬಳ ಅಷ್ಟೂ ಒಂದೇ ಸಲಕ್ಕೆ ಬೆಳ್ಳಿಗೆ ಹಾಕ್ತೆ ಅಂತಿಯಲ್ಲ, ಅದಕ್ಕೇ ಒಂದು ಗಳಿಗೆ ಇಲ್ಲಿ ಕೂತ್ಕೋ ಅಂದದ್ದು. ನಾನೂ ನಿನ್ನ ಹಾಗೇ ಬೆಳ್ಳಿ ಕೂಡಿಟ್ಟವಳೇ. ನಿನ್ನ ಅಮ್ಮ ಆಗ ಆರನೇ ಕ್ಲಾಸು, ಅಲ್ಲ, ಐದನೇದು, ಶಾಲೆ ಬದಲು ಮಾಡಿರಲಿಲ್ಲ. ಭಟ್ಕಳದ ಮಲ್ಲಿಗೆ ಅಂದ್ರೆ ಗೊತ್ತಲ್ಲ, ನಾನು ಬೆಳಗಾದ್ರೆ ಮೊಗ್ಗು ಕೊಯ್ದು ಕಟ್ಟೂಕೆ ಕೂತವಳು ಮಧ್ಯಾಹ್ನಕ್ಕೇ ಏಳೂದು. ನಮ್ಮೂರ ನವಾಯತ ಮುಸ್ಲಿಮರ ಮನೆಯಲ್ಲಿ ಮದುವೆ ಇದ್ದ ದಿವಸ ಹೂವಿಗೆ ಒಳ್ಳೆ ಬೆಲೆ, ಇಲ್ಲದ ದಿವಸ ಕಟ್ಟಿದ್ದು ಬಾಡಿ ಹೋಗ್ತಿತ್ತು. ನಿನ್ನ ಅಜ್ಜ ಊರವರ ಮನೆ ಮಾಡಿಗೆ ಹತ್ತಿ ಹಂಚು ಕೈಯಾಡಿಸ್ತಿದ್ರು, ಒಡೆದದ್ದು ತೆಗೆದು ಬೇರೆ ಇಡೂದು, ಮಳೆಗಾಲದ ಮೊದಲು ಎರಡು ತಿಂಗಳು ಪುರಸೊತ್ತಿಲ್ಲ, ಮತ್ತೆ ಸಿಕ್ಕಿದ ಕೂಲಿ. ಹಾಗೆ ಇರುವಾಗ ಸೈಕಲ್ ಮೇಲೆ ಪೆಟ್ಟಿಗೆ ಕಟ್ಕೊಂಡು ಒಬ್ಬ ಬೆಳ್ಳಿ ಮಾರೂಕೆ ಬರ್ತಿದ್ದ. ಘಟ್ಟದ ಮೇಲಿನವ ಅಂತ ಅವನೇ ಹೇಳಿದ್ದು. ಮಾತು ಮಾತ್ರ ಬಾಳ ಸವಿ. "ಅಕ್ಕಾ, ದುಡ್ಡು ಡಬ್ಬಿಯಲ್ಲಿಟ್ರೆ ಖರ್ಚಾಗ್ತದೆ, ಬೆಳ್ಳಿ ಮಾಡಿಟ್ರೆ ಮಗಳಿಗಾಗ್ತದೆ" ಅಂದ. ಆ ಮಾತು ಸುಳ್ಳಲ್ಲ, ಸೌಮ್ಯಾ, ಈಗಲೂ ಸುಳ್ಳು ಅನ್ನೂಕೆ ಆಗೂದಿಲ್ಲ. ಹೇಳಿದವ ಮಾತ್ರ ಸರಿ ಇರಲಿಲ್ಲ.

ಮೂರು ವರ್ಷ ತಕೊಂಡೆ. ಒಂದು ಜೋಡಿ ದೀಪ, ಒಂದು ಕುಂಕುಮದ ಭರಣಿ, ಎರಡು ಲೋಟ, ಮತ್ತೆ ಒಂದು ಸಣ್ಣ ತಟ್ಟೆ, ಹೂ ಬಳ್ಳಿ ಕೆತ್ತಿದ್ದು. ತಿಂಗಳಿಗಿಷ್ಟು ಅಂತ ಕೊಡೂದು. ಒಂದು ಸಲ ನಾನು ಕೇಳಿದೆ, "ಅಣ್ಣಾ, ತೂಕ ಎಷ್ಟು, ಬೆಳ್ಳಿ ಎಂತದು ಅಂತ ಒಂದು ಚೀಟಿ ಬರೆದು ಕೊಡ್ತಿಯಾ?" ಅವ ನನ್ನ ಮುಖ ನೋಡಿ, "ಎಂತ ಅಕ್ಕ, ತಮ್ಮನ ಮೇಲೆ ನಂಬಿಕೆ ಇಲ್ವಾ?" ಅಂದ. ಪಕ್ಕದ ಮನೆ ಹೆಂಗಸರೆಲ್ಲ ಅಲ್ಲೇ ಇದ್ರು. ನಂಗೆ ನಾಚಿಕೆ ಆತು. ಕೇಳಬಾರದ್ದು ಕೇಳಿದೆ ಅಂತ ಅನಿಸಿ ಒಳಗೆ ಹೋಗಿ ಅವನಿಗೆ ಚಾ ಮಾಡಿ ಕೊಟ್ಟೆ. ನೋಡು, ಮೋಸ ಮಾಡುವವ ಅವ, ನಾಚಿದವಳು ನಾನು.

ನಾಲ್ಕನೇ ವರ್ಷ ಮಳೆಗಾಲಕ್ಕೆ ಹದಿನೈದು ದಿನ ಇರುವಾಗ ನಿನ್ನ ಅಜ್ಜ ಮಾಡಿನ ಮೇಲಿಂದ ಬಿದ್ರು. ಹಂಚಿನಡಿಯ ಮರದ ಪಕಾಸೆ ಗೆದ್ದಲು ತಿಂದಿತ್ತಂತೆ, ಕಾಲಿಟ್ಟದ್ದೇ ಮುರೀತು. ತೊಡೆ ಎಲುಬು ಎರಡು ತುಂಡು. ಮಂಗಳೂರಿಗೆ ಕರಕೊಂಡು ಹೋದ್ರು, ರಾಡ್ ಹಾಕ್ಬೇಕು, ದುಡ್ಡು ಕಟ್ಟಿ ಅಂದ್ರು. ನಾನು ಅವರ ಕೈ ಹಿಡ್ಕೊಂಡು, "ಹೆದರ್ಬೇಡಿ, ನನ್ನ ಹತ್ರ ಬೆಳ್ಳಿ ಉಂಟು" ಅಂದೆ. ಅಷ್ಟು ನೋವಿನಲ್ಲೂ ನಕ್ಕರು ಮಾರಾಯ್ತಿ. ನನ್ನ ತಮ್ಮನನ್ನು ಅವರ ಹತ್ರ ಬಿಟ್ಟು ನಾನು ಬಸ್ಸು ಹತ್ತಿ ಊರಿಗೆ ಬಂದೆ, ಎಲ್ಲ ಒಂದು ಹಳೇ ಸೀರೆಯಲ್ಲಿ ಕಟ್ಕೊಂಡು ಪೇಟೆ ಶೇಟರ ಅಂಗಡಿಗೆ ಹೋದೆ. ಶೇಟರು ಅಂದ್ರೆ ಅಕ್ಕಸಾಲಿ, ವಯಸ್ಸಾದವರು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ರ ಕನ್ನಡ. ಅವರು ದೀಪ ತಕೊಂಡು ಅರದಲ್ಲಿ ಒಂಚೂರು ಉಜ್ಜಿ, ಆ ಜಾಗಕ್ಕೆ ಒಂದು ಹನಿ ಆಸಿಡ್ ಬಿಟ್ರು. ಹಸಿರು ನೊರೆ ಬಂತು. ಎರಡನೇದಕ್ಕೂ ಹಸಿರು. ಲೋಟಕ್ಕೂ. ಅವರು ಕನ್ನಡಕ ತೆಗೆದು ಒರೆಸಿದ್ರು. "ತಂಗಿ, ಇದು ಎಲ್ಲಿ ತಕೊಂಡದ್ದು?" ಅಂದ್ರು. ನಾನು ಹೇಳಿದೆ. "ಮೇಲೆ ಬೆಳ್ಳಿ ನೀರು, ಒಳಗೆ ತಾಮ್ರ. ಭರಣಿ ಒಂದು ಬೆಳ್ಳಿ, ಅದೂ ಅರ್ಧಕ್ಕರ್ಧ. ಆ ತಟ್ಟೆಯ ಹೂ ಬಳ್ಳಿಗೆ ನೀನು ಕೊಟ್ಟ ಮಜೂರಿ ಯಾರೂ ವಾಪಸ್ ಕೊಡೂದಿಲ್ಲ." ನಂಗೆ ಅಳು ಬರಲಿಲ್ಲ. ಅವರು ಕೊಟ್ಟದ್ದು ತಕೊಂಡು ಬಂದೆ, ಅದು ಮಂಗಳೂರಿಗೆ ಹೋಗಿ ಬರುವ ಬಸ್ಸಿಗೆ, ಮತ್ತೆ ನಾಲ್ಕು ದಿನದ ಊಟಕ್ಕೆ ಸರಿ.

ನನ್ನ ಅತ್ತೆ, ಅಂದ್ರೆ ನಿನ್ನ ಅಜ್ಜನ ಅಮ್ಮ, ಜಗಲಿಯಲ್ಲಿ ಕೂತಿದ್ರು. ನಮಗಿಬ್ಬರಿಗೆ ಅಷ್ಟಕ್ಕಷ್ಟೇ. ನಾನು ಬೆಳ್ಳಿ ತಕೊಳ್ಳುವಾಗೆಲ್ಲ ಗೊಣಗಿದವರು. ಆ ದಿನ ಬೈತಾರೆ ಅಂತ ನಾನು ತಲೆ ಬಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ಎರಡೂ ಕಾಲು ಮುಂದೆ ಚಾಚಿ, "ಮಾದೇವಿ, ಇದು ತೆಗೆ" ಅಂದ್ರು. ಕಾಲ್ಕಡಗ, ಮದುವೆ ದಿವಸ ಹಾಕಿದ್ದು, ಹೆಬ್ಬೆರಳಿನಷ್ಟು ದಪ್ಪ. ತೆಂಗಿನೆಣ್ಣೆ ಹಚ್ಚಿದೆ, ಸೋಪು ಹಚ್ಚಿದೆ, ಬರಲಿಲ್ಲ, ಕಾಲು ಊದಿತ್ತು. ಕಡೆಗೆ ಶೇಟರೇ ಮನೆಗೆ ಬಂದು ಸಣ್ಣ ಗರಗಸದಲ್ಲಿ ಕೊಯ್ದ್ರು. ಚರ್ಮಕ್ಕೆ ತಾಗಬಾರದು ಅಂತ ಕೆಳಗೆ ತಗಡು ಕೊಟ್ಟಿದ್ರು. ಅತ್ತೆ ಆಚೆ ಮುಖ ಮಾಡಿ ಕೂತಿದ್ರು. ತೆಗೆದ ಜಾಗದಲ್ಲಿ ಚರ್ಮ ಬೆಳ್ಳಗೆ, ಮಗುವಿನ ಕಾಲಿನ ಹಾಗೆ ಇತ್ತು. "ಹಗುರ ಆತು" ಅಂದ್ರು, ಅಷ್ಟೇ. ಅದು ಚೊಕ್ಕ ಬೆಳ್ಳಿ. ಕಮ್ಮಿ ಬಿದ್ದದ್ದನ್ನು ಹಂಚು ಹಾಕಿಸಿದ ಮನೆಯವರು ಕೊಟ್ರು. ನಿನ್ನ ಅಜ್ಜ ಎದ್ದು ನಡೆದ್ರು, ಒಂದು ಕಾಲು ಎಳ್ಕೊಂಡು, ಆದ್ರೆ ನಡೆದ್ರು. ಅತ್ತೆ ಮಾತ್ರ ಆಮೇಲೆ ಬಂದದ್ದೂ ಹೋದದ್ದೂ ಗೊತ್ತಾಗ್ತಿರಲಿಲ್ಲ. ಮೊದಲೆಲ್ಲ ನಡೆದ್ರೆ ಕಾಲ್ಕಡಗ ಹೊಸ್ತಿಲಿಗೆ ತಾಗಿ ಸದ್ದು ಬರ್ತಿತ್ತು. ನಾನು ಒಲೆ ಮುಂದೆ ಕೂತು ತಿರುಗಿ ನೋಡಿದ್ರೆ ಹಿಂದೇ ನಿಂತಿರ್ತಿದ್ರು, ಸುಮ್ಮನೆ.

ಎರಡು ವರ್ಷ ಕಳೆದು ಹೂವಿನ ದುಡ್ಡು ಸ್ವಲ್ಪ ಉಳೀತು. ನಾನು ಮತ್ತೆ ಶೇಟರ ಹತ್ರ ಹೋದೆ. "ಶೇಟ್ರೆ, ನಂಗೆ ಬೆಳ್ಳಿ ತಕಳ್ಳೂದು ಕಲಿಸಿ" ಅಂದೆ. ಅವರು ಹೇಳಿದ್ರು, "ಹಾಕ್ಕೊಳ್ಳೂಕೆ ಆದ್ರೆ ಚಂದ ನೋಡು. ಕೂಡಿಡೂಕೆ ಆದ್ರೆ ಬರೀ ಗಟ್ಟಿ ತಕೋ, ಇಲ್ಲ ನಾಣ್ಯ, ಕೆತ್ತನೆ ಬೇಡ. ತೂಕ ನಿನ್ನ ಕಣ್ಣೆದುರು ಆಗ್ಲಿ. ಎಷ್ಟು ಚೊಕ್ಕ ಅಂತ ಚೀಟಿಯಲ್ಲಿ ಬರೆಸು. ವಾಪಸ್ ತಂದ್ರೆ ಎಷ್ಟು ಮುರಿದುಕೊಳ್ತೀರಿ ಅಂತ ತಕೊಳ್ಳುವ ಮೊದಲೇ ಕೇಳು, ನನ್ನ ಹತ್ರವೂ ಕೇಳು." ನಾನು ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಸ್ವಲ್ಪ ಸ್ವಲ್ಪವೇ ತಕೊಂಡೆ. ಒಂದು ವರ್ಷ ಬೆಲೆ ಬಿತ್ತು ನೋಡು, ನಾನು ಎಲ್ಲ ಕಟ್ಕೊಂಡು ಶೇಟರ ಹತ್ರ ಮಾರೂಕೆ ಓಡಿದೆ. "ಮನೆಯಲ್ಲಿ ಯಾರಿಗಾದ್ರೂ ಹುಷಾರಿಲ್ವಾ?" ಅಂದ್ರು. ಇಲ್ಲ ಅಂದೆ. "ಹಾಗಾದ್ರೆ ಮನೆಗೆ ಹೋಗು. ಬೆಳ್ಳಿ ಏರ್ತದೆ, ಬೀಳ್ತದೆ, ಚಿನ್ನಕ್ಕಿಂತ ಜಾಸ್ತಿ ಕುಣೀತದೆ. ಕಾಯೂಕೆ ಆಗದವರು ಇದನ್ನ ಮುಟ್ಟಬಾರದು." ನಾಲ್ಕೈದು ವರ್ಷಕ್ಕೆ ಕೂಡಿಟ್ಟದ್ದು ಅತ್ತೆ ಕಾಲಿನದ್ದರ ತೂಕಕ್ಕೆ ಬಂತು. ಅವರ ಹತ್ರ ಹೋಗಿ, "ಅತ್ತೆ, ಕಾಲ್ಕಡಗ ಮಾಡಿಸ್ತೆ" ಅಂದೆ. ಆಗ ಅವರು ಹಾಸಿಗೆ ಹಿಡಿದಿದ್ರು. ನನ್ನ ಕೈ ಹಿಡಿದು, "ಬೇಡ. ಮಾಡಿಸಿದ್ರೆ ಮಜೂರಿ ಹೋಗ್ತದೆ" ಅಂದ್ರು. ಆ ಮಳೆಗಾಲ ದಾಟಲಿಲ್ಲ ಅವರು. ಬರಿಗಾಲಲ್ಲೇ ಕಳಿಸಿದೆ. ಅದೊಂದು ನಂಗೆ ಇವತ್ತಿಗೂ... ಇರ್ಲಿ. ಆ ಬೆಳ್ಳಿ ಕೊಟ್ಟೇ ನಿನ್ನ ಅಮ್ಮನ್ನ ನರ್ಸ್ ಕೋರ್ಸಿಗೆ ಸೇರಿಸಿದ್ದು.

ಈಗ ನೀನು ಮೊಬೈಲಿನಲ್ಲೇ ಬೆಳ್ಳಿ ಸಿಗ್ತದೆ ಅಂತಿ, ಕಣ್ಣಿಗೆ ಕಾಣದ್ದು, ಸರಿ, ಕಾಲ ಹಾಗೆ. ಅದ್ರಲ್ಲೂ ಅದೇ ಕೇಳು, ನನ್ನ ಹೆಸರಲ್ಲಿ ಇದೆ ಅನ್ನೂಕೆ ಎಂತ ಚೀಟಿ, ಮಾರುವಾಗ ಎಷ್ಟು ಮುರೀತದೆ ಅಂತ. ಕೇಳಿದ್ರೆ ಮರ್ಯಾದೆ ಹೋಗೂದಿಲ್ಲ, ಕೇಳದೇ ಹೋದ್ರೆ ಹೋಗ್ತದೆ. ಮತ್ತೆ ಬೆಳ್ಳಿ ಬೇಯಿಸಿ ಉಣ್ಣೂಕೆ ಆಗೂದಿಲ್ಲ ಮಗಾ. ಮೊದಲು ಅಕ್ಕಿಗೆ, ಔಷಧಿಗೆ ಅಂತ ತೆಗೆದಿಡು, ಉಳಿದದ್ದರಲ್ಲಿ ಒಂದು ಚೂರು ಬೆಳ್ಳಿಗೆ.