ಐದು ವರ್ಷದ ರೇಟು ಕಲಿತ ಕಂಪ್ಯೂಟರ್

ರಾಮನಗರದ ಬಸ್ಸಿನಲ್ಲಿ ಕಿಟಕಿಯಾಚೆಯ ಮೋಡಗಳ ಜೊತೆ ಎಲ್ಲೋ ಹೋಗಿಬಿಟ್ಟಿದ್ದ ಶ್ರುತಿಯನ್ನು ಮುಂದಿನ ಸೀಟಿನ ಗಂಡ ಹೆಂಡಿರ ಜಗಳ ವಾಪಸ್ಸು ಎಳೆದು ತಂದಿತು. ಅವರ ಕಾಲಡಿ ರೇಷ್ಮೆಗೂಡಿನ ಎರಡು ಚೀಲಗಳಿದ್ದವು.

“ಇವತ್ತು ರೇಟು ಬಿದ್ದೈತೆ ಕಣಮ್ಮಿ. ನಾಳಿದ್ದು ಏರ್ತದೆ ಅಂತ ನಮ್ಮಕ್ಕನ ಮಗನ ಕಂಪ್ಯೂಟರ್ ಹೇಳೈತೆ. ಐದು ವರ್ಷದ ರೇಟೆಲ್ಲ ಅದಕ್ಕೆ ಕಲಿಸವ್ನೆ.”

“ನಾಳಿದ್ದಿನಗಂಟ ಒಳಗೇ ಬಿದ್ದಿರು ಅಂತ ಗೂಡೊಳಗಿನ ಚಿಟ್ಟೆಗೂ ಒಸಿ ಕಲಿಸ್ಬೇಕಿತ್ತು. ಬೆಳಗ್ಗೆ ಆಗ್ಲೇ ಎರಡು ತೂತು ಮಾಡ್ಕಂಡು ಆಚೆ ಬಂದವೆ. ತೂತು ಗೂಡಲ್ಲಿ ನೂಲು ಬತ್ತದಾ?”

“ಹೋದ ಬೆಳೇಲಿ ಅದು ಹೇಳಿದ್ದು ಸರಿಯಾಗಿತ್ತು.”

“ಈ ಸಲ ನಿಮ್ಮ ಭಾವ ಏನ್ ಮಾಡಿದ್ರು?”

“ಅರ್ಧ ಮೊನ್ನೇನೇ ಮಾರ್ಬುಟ್ರು. ಕಂಪ್ಯೂಟರ್ ತಪ್ಪಿದ್ರೂ ಪೂರಾ ಕೆಡಬಾರ್ದು, ಅರ್ಧ ಮಾರಿ ಅರ್ಧ ಕಾಯಿರಿ ಅಂತ ಹುಡುಗನೇ ಹೇಳಿದ್ನಂತೆ.”

“ನಿಂಗೆ ಹೇಳ್ನಿಲ್ವಾ?”

“ಹೇಳ್ದ. ನಂಬಿದ್ಮೇಲೆ ಅರ್ಧಂಬರ್ಧ ನಂಬೋದಾ ಅಂದ್ಕಂಡೆ.”

“ಆಹಾ, ಎಂಥಾ ಭಕ್ತ! ಊದುಬತ್ತಿನೂ ಹಚ್ಚಿ ಬರ್ಬೇಕಿತ್ತು.”

ಕಂಡಕ್ಟರ್ ಮಾರ್ಕೆಟ್ ಸ್ಟಾಪು ಕೂಗಿದ. ಗಂಡ ಎದ್ದು ಒಂದೇ ಚೀಲ ಎತ್ತಿಕೊಂಡ.

“ಹಂಗಾರೆ ಈಗ ಅರ್ಧ ಮಾರಾಣ?”

“ಅರ್ಧ ನಂಬೋ ದಿನ ಮೊನ್ನೆಗೇ ಮುಗೀತು ಕಣಯ್ಯ. ಎರಡೂ ಇಳ್ಸು.”

ಆಕೆ ಮುಂದಾಗಿ ಇಳಿದಳು. ಅವನು ಎರಡೂ ಚೀಲ ಹೊತ್ತು ಹಿಂದೆಯೇ ನಡೆದ.