ಮೇಷ್ಟ್ರ ಜಗಲಿಯಿಂದ ಕಾಣುವ ಕೆರೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ನಂಬರು ಗೊತ್ತಾಗ್ತಾ ಇಲ್ವಲ್ಲ... ಹೌದು, ಚಂದ್ರಶೇಖರನೇ. ನಾಗಮಂಗಲದಿಂದ.

ಸೌಮ್ಯಶ್ರೀನಾ! ನಮ್ಮಕ್ಕನ ಮಗಳ ದನೀನೇ ಗುರುತು ಸಿಗ್ನಿಲ್ಲ ನೋಡು ನನ್ಗೆ. ಇದ್ಯಾರ ಫೋನವ್ವ?... ಆಟೋ ದೇವಯ್ಯಂದಾ? ನಿಂದು?... ಚಾರ್ಜು ಮುಗೀತಾ. ಸರಿ ಸರಿ.

ಹಾಂ, ತಲುಪಿದ್ಯಾ ಮಂಟಪಕ್ಕೆ? ಬಿಂಡಿಗನವಿಲೆ ದಾಟಿ, ಕೆರೆ ಏರಿ ಪಕ್ಕ, ಕಲ್ಲಿನ ಕಂಬದ್ದು... ಅದೇ ಅದೇ. ನಾನು ಹೇಳಿರ್ನಿಲ್ವಾ, ಫೋಟೋಗೆ ಅಂಥಾ ಜಾಗ ಇನ್ನೊಂದಿಲ್ಲ ಅಂತ?

ಯಾಕೆ, ಏನಾಯ್ತು?... ತಾವರೆ ಇಲ್ವಾ?... ಒಂದೂ ಇಲ್ವಾ? ಸರಿಯಾಗಿ ನೋಡವ್ವ. ಕೆರೆ ತುಂಬ ತಾವರೆ, ದುಂಬಿ, ದಡದಲ್ಲಿ ಹಂಸ... ಏನು, ಒಂದು ಕೊಕ್ಕರೆ, ಎರಡು ಎಮ್ಮೆನಾ?...

ತಡಿ, ತಡಿ. ರೇಗ್ಬೇಡ. ಅದು... ಅದು ಪದ್ಯದಲ್ಲಿತ್ತು ಅನ್ಸುತ್ತೆ ಕಣವ್ವ.

ಹೂಂ, ಪದ್ಯದಲ್ಲಿ. ಪ್ರತಿ ಶನಿವಾರ ಸಾಯಂಕಾಲ ಅಲ್ಲಿ ರಂಗಸ್ವಾಮಿ ಮೇಷ್ಟ್ರು ಕಾವ್ಯ ಓದ್ತಾರಲ್ಲ, ನಾನು ಕಣ್ಣು ಮುಚ್ಕೊಂಡು ಕೇಳ್ತೀನಿ. ಅವ್ರು ರಾಗವಾಗಿ 'ಸರೋವರ' ಅಂತ ಎಳುದ್ರೆ ಮುಗೀತು, ನನ್ನ ಕಣ್ಮುಂದೆ ತಾವರೆ ಅರಳ್ಬುಡ್ತವೆ. ಕೇಳಿ ಕೇಳಿ, ಅದೇ ನಮ್ಮ ಕೆರೆ ಅಂದ್ಕೊಬುಟ್ಟಿವ್ನಿ...

ನಗ್ತಾ ಇದೀಯಾ, ಅಳ್ತಾ ಇದೀಯಾ? ಗಾಳಿ ಸದ್ದಲ್ಲಿ ಗೊತ್ತಾಗ್ತಾ ಇಲ್ಲ...

ಗೊತ್ತವ್ವ, ಗೊತ್ತು. ನಾಳೆ ಬೆಳಿಗ್ಗೆ ಕ್ಯಾಲೆಂಡರಿನ ಫೋಟೋ ಎಲ್ಲ ಪ್ರೆಸ್ಸಿಗೆ ಕೊಡ್ಬೇಕು. ಶ್ರೀರಂಗಪಟ್ಟಣದ ಹೊಳೆ ಆಯ್ತು, ಪಾಂಡವಪುರದ ಬೆಟ್ಟ ಆಯ್ತು, ಗೋವಿಂದನಹಳ್ಳಿ ಗುಡಿ ಆಯ್ತು, ಡಿಸೆಂಬರ್ ಒಂದು ಖಾಲಿ... ಏನಂದೆ? ನೀನು ಕೊಡ್ದಿದ್ರೆ ಪ್ರೆಸ್ಸಿನೋರೇ ಯಾವ್ದೋ ದೇಶದ ಹಿಮದ ಬೆಟ್ಟ ಹಾಕ್ತಾರಾ? ನಮ್ಮ ಮಂಡ್ಯ ಸೀಮೆ ಕ್ಯಾಲೆಂಡರಿಗೆ?... ನಿನ್ ಹೆಸರೂ ತೆಗುದ್ಬುಡ್ತಾರಾ! ಪೂರ್ತಿ ಕೊಟ್ರೆ ಮಾತ್ರ ಹೆಸರು ಅಂದವ್ರಾ?... ಅಯ್ಯೋ ಶಿವನೇ. ಮೊದಲ್ನೇ ಸಲ ನಿನ್ ಹೆಸರು ಅಚ್ಚಾಗ್ತಿತ್ತಲ್ಲವ್ವ.

ಏ ವೆಂಕಟಮ್ಮ, ಸುಮ್ನಿರೇ... ಇಲ್ಲ ಇಲ್ಲ, ನಿನ್ಗಲ್ಲ, ನಿಮ್ಮತ್ತೆಗೆ. 'ಒಂದು ಗೇಣಾಚೆ ಏನದೆ ಅಂತ ಗೊತ್ತಿಲ್ದೋರು ದಾರಿ ತೋರ್ಸಕ್ಕೆ ಹೋಗವ್ರೆ' ಅಂತಾವ್ಳೆ. ಸುಳ್ಳಲ್ಲ ಬುಡು. ಮೂಗುಬೊಟ್ಟಿಗೆ ಹರಳು ಕೂರ್ಸೋ ಅಕ್ಕಸಾಲಿ ನಾನು. ಕಣ್ಣಿಗೂ ಕೆಲಸಕ್ಕೂ ಒಂದೇ ಗೇಣು. ಅದ್ರಾಚೆ ಲೋಕವೆಲ್ಲ ನನ್ಗೆ ಕಿವಿಯಿಂದಲೇ ಬಂದಿದ್ದು.

ಹಾಂ?... ಎಲ್ಲಿಂದ ನೋಡ್ಬೇಕು ಅಂತಾನಾ? ಬಲಗಡೆ ಕಂಬಕ್ಕೆ ಒರಗಿ ಕೂತ್ಕೊ, ಅದು ನನ್ನ ಜಾಗ... ಏನ್ ಕಾಣ್ತದೆ?... ಗೋಡೆನಾ? ಸುಣ್ಣ ಕಿತ್ತಿರೋದು?... ಹೌದು, ಸರಿಯಾಗೇ ಕೂತಿದೀಯ. ನಾನು ಇಷ್ಟು ವರ್ಷ ನೋಡಿರೋದು ಅದ್ನೇ.

ಇಲ್ಲ ಕಣವ್ವ, ತಿರುಗಿ ನೋಡಿಲ್ಲ. ಕೇಳೋರೆಲ್ಲ ಮೇಷ್ಟ್ರ ಕಡೆ ಮುಖ ಮಾಡಿ ಕೂರ್ತೀವಿ, ಕೆರೆ ಬೆನ್ನಿಗೆ. ಕಾವ್ಯ ಓದೋರಿಗೆ ಬೆನ್ನು ತೋರ್ಸೋದುಂಟಾ?... ತಿರುಗುದ್ರೆ ಟ್ರಾನ್ಸ್‌ಫಾರ್ಮರ್ರು ಅಡ್ಡ ಬರ್ತದಾ?... ಎಲ್ಲಿ ನಿಂತ್ರೂವೆ?... ಅದ್ಯಾವಾಗ ತಂದು ನೆಟ್ರು? ನಂಗೆ ಗೊತ್ತೇ ಇಲ್ವಲ್ಲ.

ತಡಿ. ಒಂದು ವಿಷಯ. ಹೊತ್ತು ಮುಳುಗೋ ವೇಳೆಗೆ ಮೇಷ್ಟ್ರು ಓದೋದ ನಿಲ್ಸಿ ಸುಮ್ನೆ ಕೂತ್ಬುಡ್ತಾರೆ. ಕಣ್ಣಲ್ಲಿ ನೀರು. ಭಕ್ತಿ ಉಕ್ಕಿ ಬಂತು ಅಂತ ನಾವೆಲ್ಲ ಅವ್ರಿಗೆ ಕೈ ಮುಗೀತೀವಿ... ಹೂಂ! ನಮ್ಮ ತಲೆ ಮೇಲಿಂದ ಆಚೆ ಏನೋ ನೋಡ್ತಾ ಇರ್ತಾರೆ ಕಣವ್ವ! ಎಂಥಾ ಮಬ್ಬು ಜನ ನಾವು, ಒಬ್ರಾದ್ರೂ ಏನದು ಅಂತ ತಿರುಗ್ಬೇಡ್ವಾ?

ಗೋಡೆಗೆ ಅಂಟ್ಕೊಂಡು ಒಂದು ಜಗಲಿ ಅದೆ ನೋಡು, ಮೇಲೊಂದು ಮಣೆ... ಅದೇ ಮೇಷ್ಟ್ರ ಜಾಗ...

ಅಯ್ಯಯ್ಯೋ, ಕೂತ್ಕೋಬೇಡ! ಓದೋರು ಬಿಟ್ಟು ಇನ್ಯಾರೂ ಕೂರೋ ಅಂಗಿಲ್ಲ. ನಮ್ಜೊತೆ ಓದು ಕೇಳಕ್ಕೆ ಬರೋ ಪುಟ್ಟರಾಜು ಒಂದ್ಸಲ ಅದರ ಮೇಲೆ ಟವಲ್ಲು ಇಟ್ಟ ಅಂತ ಊರಿಗೆಲ್ಲ ಕೇಳೋ ಅಂಗೆ ಜಗಳ ಆಡಿರೋನು ನಾನೇ. ಪಕ್ಕದಲ್ಲಿ ನಿಂತು ಬಗ್ಗು... ಆಗಲ್ವಾ?... ಹಾಂ, ಕ್ಯಾಮೆರಾ ಒಂದ್ನೇ ಜಗಲಿ ಮೇಲಕ್ಕೆ ಚಾಚಿ ನೋಡಿದ್ಯಾ? ಏನಾಯ್ತು?... ಟ್ರಾನ್ಸ್‌ಫಾರ್ಮರ್ರು ಕಲ್ಲುಕಂಬದ ಹಿಂದಕ್ಕೆ ಹೋಯ್ತಾ? ಬರೀ ನೀರು, ಬೆಟ್ಟ ಉಳೀತಾ?... ಚಾಚ್ಕೊಂಡು ತೆಗುದ್ರೆ ಫೋಟೋ ಅಲುಗ್ತದಾ. ಕೂತೇ ತೆಗೀಬೇಕಾ...

ಮೇಷ್ಟ್ರನ್ನ ಒಂದ್ ಮಾತು ಕೇಳೋಣ ಅಂದ್ರೆ ಅವ್ರತ್ರ ಫೋನೇ ಇಲ್ಲ... ಹೊತ್ತು ಬೆಟ್ಟ ಮುಟ್ತಾ?... ಪೂರ್ತಿ ಮುಟ್ತಾ?...

ಕೂತ್ಕೊ.

ಹೂಂ ಕಣವ್ವ, ನಾನೇ ಹೇಳ್ತಾ ಇವ್ನಿ, ಕೂತ್ಕೊ. ಚಪ್ಪಲಿ ಆಚೆ ಬುಡು. ಒಂದು ನಮಸ್ಕಾರ ಹಾಕಿ ಮಣೆ ಪಕ್ಕಕ್ಕೆ ಸರ್ಸು. ಮೇಷ್ಟ್ರಿಗೆ ನಾನು ಹೇಳ್ಕೋತೀನಿ... ಬೈದ್ರೆ ಬಯ್ಲಿ. ಕೇಳೋದ್ರಲ್ಲಿ ನನ್ನ ಮೀರ್ಸೋರಿಲ್ಲ, ಅದ್ನೂ ಕೇಳ್ತೀನಿ.

ಕೂತ್ಯಾ?... ಹಲೋ?... ಕ್ಯಾಮೆರಾ ಟಕ್ ಟಕ್ ಅನ್ನೋದೊಂದೇ ಕೇಳ್ತದೆ...

ಸಿಕ್ತಾ?... ಡಿಸೆಂಬರ್ ಸಿಕ್ತಾ? ಆಹಾ! ವೆಂಕಟಮ್ಮ, ಸಿಕ್ತಂತೆ ಕಣೇ! ಹೆಸರು ದಪ್ಪ ಅಕ್ಷರದಲ್ಲಿ ಹಾಕ್ಸವ್ವ.

ಏನು?... ಹೆಂಗದೆ ಅಂತ ಹೇಳ್ತೀಯಾ? ನೀರೆಲ್ಲ... ಬೇಡ, ಬೇಡ, ನಿಲ್ಸು! ಹೇಳ್ಬೇಡ ಕಣವ್ವ. ನೀನು ಹೇಳುದ್ರೆ ಕೇಳ್ಕೊಂಡು ಇಲ್ಲೇ ಕೂತ್ಬುಡ್ತೀನಿ. ನಾಳೆ ನಾನೇ ಬಸ್ಸು ಹತ್ತಿ ಬಂದು ನೋಡ್ತೀನಿ. ನಾಳೆ ಓದು ಇಲ್ಲ, ಯಾರಿಗೂ ಬೆನ್ನು ತೋರ್ಸಿದ ಅಂಗಾಗಲ್ಲ...

ನೋಡು, ನಿಮ್ಮತ್ತೆ ಆಗ್ಲೇ ನನ್ನ ದೂರದ ಕನ್ನಡಕ ಹುಡುಕ್ತಾವ್ಳೆ. ಮಾಡ್ಸಿದ್ದೇ ಬಂತು, ಹಾಕ್ಕೊಂಡೇ ಇಲ್ಲ. ಯಾತಕ್ಕೆ ಬೇಕಿತ್ತು ಹೇಳು ನನ್ಗೆ, ಇಷ್ಟು ದಿವ್ಸ... ಹಲೋ? ಸೌಮ್ಯಾ?... ಹಲೋ...